ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು? ಕಾರಣ ಹುಡುಕಿದ ನನ್ನ ಅನುಭವ

ಕಳೆದ ವಾರ ಸೈಕಾಲಜಿಸ್ಟ್ ಹತ್ತಿರ ನನ್ನ ಕೊನೆಯ ಸೆಶನ್ ಮುಗಿಯಿತು. ಥೈರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದೆ, ಡೋಸ್ ಮಾತ್ರ ಇಳಿದಿದೆ. ಹೋದ ವರ್ಷದ ಬೇಸಿಗೆಯಲ್ಲಿ ಶುರುವಾದ ಓಡಾಟ ಈಗ ಒಂದು ಹಂತಕ್ಕೆ ಬಂದಿದೆ. ಹೀಗಾಗಿ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ವಿಪರೀತ ಸಿಟ್ಟು ಬರುತ್ತದೆ, ಯಾಕೆ ಅಂತ ಗೊತ್ತಿಲ್ಲ, ಯಾವ ಡಾಕ್ಟರ ಹತ್ತಿರ ಹೋಗಬೇಕು ಅಂತಲೂ ಗೊತ್ತಿಲ್ಲ ಅನ್ನುವವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಓಡಾಟ ಕಡಿಮೆಯಾದರೆ ಸಾಕು.

ನನ್ನ ವಯಸ್ಸು ನಲವತ್ತು ದಾಟಿದೆ. ಬೆಂಗಳೂರಿನ ವಿಜಯನಗರದಲ್ಲಿ ಮನೆ. ರಿಚ್ಮಂಡ್ ಸರ್ಕಲ್ ಹತ್ತಿರ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮನೆಯಲ್ಲಿ ಯಜಮಾನರು, ಹೈಸ್ಕೂಲಿಗೆ ಹೋಗುವ ಮಗಳು, ಅತ್ತೆ.

ಮಾರ್ಚ್ ತಿಂಗಳು ಅಂದರೆ ನಮಗೆ ವರ್ಷದ ಲೆಕ್ಕ ಮುಗಿಸುವ ಸಮಯ. ಸಿಟ್ಟು ಜಾಸ್ತಿಯಾದಾಗ ಎಲ್ಲರೂ ಅದನ್ನೇ ಕಾರಣ ಅಂದುಕೊಂಡೆವು. ಅದರ ಮೇಲೆ ಬಿಸಿಲು. ಟ್ಯಾಂಕರ್ ನೀರು ಬರಲಿಲ್ಲ ಅಂದರೆ ಸಿಟ್ಟು. ಟಿಫನ್ ಬಾಕ್ಸಿನ ಮುಚ್ಚಳ ಸಿಗಲಿಲ್ಲ ಅಂದರೆ ಸಿಟ್ಟು. ಅತ್ತೆ ಟಿವಿ ಜೋರಾಗಿಟ್ಟರೆ ಮೈಯೆಲ್ಲ ಉರಿಯುತ್ತಿತ್ತು. ಮಾತಿಗೆ ಮೊದಲೇ ಧ್ವನಿ ಏರುತ್ತಿತ್ತು. ಮಗಳು ನನ್ನ ಎದುರು ಬರುವುದನ್ನೇ ಕಡಿಮೆ ಮಾಡಿದಳು. ಏನಾದರೂ ಬೇಕಿದ್ದರೆ ಅಜ್ಜಿಯ ಮೂಲಕ ಕೇಳಿಸುತ್ತಿದ್ದಳು. ಅದು ನನ್ನನ್ನು ತುಂಬಾ ನೋಯಿಸಿತು.

ಸಿಟ್ಟಿನ ಜೊತೆಗೆ ಬೇರೆ ವಿಷಯಗಳೂ ಇದ್ದವು. ಎದೆ ಡವಡವ ಅನ್ನುತ್ತಿತ್ತು. ಪೆನ್ನು ಹಿಡಿದರೆ ಕೈ ಸಣ್ಣಗೆ ನಡುಗುತ್ತಿತ್ತು. ಫ್ಯಾನಿನ ಕೆಳಗೆ ಕೂತರೂ ಬೆವರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಚೆನ್ನಾಗಿ ಊಟ ಮಾಡುತ್ತಿದ್ದರೂ ತೂಕ ಇಳಿಯುತ್ತಿತ್ತು. ಆಫೀಸಿನಲ್ಲಿ ಎಲ್ಲರೂ 'ಸಣ್ಣ ಆಗಿದ್ದೀರ, ಚೆನ್ನಾಗಿ ಕಾಣ್ತೀರ' ಅಂದರು. ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿತ್ತು. ಇವೆಲ್ಲ ಸಿಟ್ಟಿನಿಂದ ಆಗುತ್ತಿರುವುದು ಅಂತಲೇ ಎಲ್ಲರ ಲೆಕ್ಕ. ಉಲ್ಟಾನೂ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಒಬ್ಬೊಬ್ಬರದು ಒಂದೊಂದು ಮಾತು. ಅತ್ತೆ, 'ಪಿತ್ತ ಜಾಸ್ತಿ ಆಗಿದೆ ಕಣಮ್ಮಾ, ಜೀರಿಗೆ ಕಷಾಯ ಕುಡಿ' ಅಂದರು. ಗೆಳತಿ, 'ಮುಟ್ಟು ನಿಲ್ಲೋ ವಯಸ್ಸು ಹತ್ತಿರ ಬಂತಲ್ಲ, ಅದೇ ಇರಬೇಕು' ಅಂದಳು. ಇವರು, 'ಆಡಿಟ್ ಮುಗಿಯಲಿ, ಸರಿಹೋಗುತ್ತೆ ಬಿಡು' ಅಂದರು. ಯಾರ ಮಾತಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಆಡಿಟ್ ಮುಗಿಯಿತು. ಮಳೆ ಬಂದು ಬಿಸಿಲೂ ಇಳಿಯಿತು. ಸಿಟ್ಟು ಇಳಿಯಲಿಲ್ಲ.

ಒಂದು ರಾತ್ರಿ ನಿದ್ದೆ ಬಾರದೆ ಟೆಲಿ ಮಾನಸ್ ಸಹಾಯವಾಣಿಗೆ ಫೋನ್ ಮಾಡಿದೆ. ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ಅಂದರೆ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರು ಮಾಡಿದ ಸೇವೆ ಇದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯಿಂದ ಮಾತಾಡಿದ ಹುಡುಗಿ ಅವಸರ ಮಾಡಲಿಲ್ಲ. ನಿದ್ದೆ ಹೇಗಿದೆ, ತೂಕ ಬದಲಾಗಿದೆಯಾ, ಯಾವ ಮಾತ್ರೆ ತಗೊಳ್ತಿದ್ದೀರಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ನಿಮಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತದಾ, ಜೀವ ಬೇಡ ಅನ್ನಿಸಿದೆಯಾ ಅಂತ ಒಂದೊಂದಾಗಿ ಕೇಳಿದರು. ಕೊನೆಗೆ, 'ಮೇಡಂ, ಮೊದಲು ಒಬ್ಬ ಜನರಲ್ ಫಿಸಿಶಿಯನ್ ಹತ್ತಿರ ದೇಹ ತೋರಿಸಿಕೊಳ್ಳಿ. ಆಮೇಲೆ ಮನಸ್ಸಿನ ವಿಷಯಕ್ಕೆ ಬರೋಣ, ಮತ್ತೆ ಫೋನ್ ಮಾಡಿ' ಅಂದರು. ಈ ಒಂದು ಮಾತು ನನ್ನ ಮುಂದಿನ ಇಡೀ ದಾರಿ ತೋರಿಸಿತು. ಎಲ್ಲಿಂದ ಶುರು ಮಾಡಲಿ ಅಂತ ತೋಚದವರು ಇಲ್ಲಿಂದಲೇ ಶುರು ಮಾಡಿ.

ಚಾಮರಾಜಪೇಟೆಯಲ್ಲಿ ನಮ್ಮ ಹಳೆಯ ಫ್ಯಾಮಿಲಿ ಡಾಕ್ಟರು ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಸಂಜೆ ಮಾತ್ರ ಕ್ಲಿನಿಕ್. 'ಡಾಕ್ಟ್ರೇ, ನನಗೆ ಸಿಟ್ಟು ಜಾಸ್ತಿ' ಅನ್ನೋಕೆ ಬಾಯಿ ಬರಲಿಲ್ಲ. ಹೊರಗೆ ಬೆಂಚಿನಲ್ಲಿ ಜ್ವರ, ಕೆಮ್ಮು ಅಂತ ಕೂತವರ ಮಧ್ಯೆ ನನ್ನದು ಒಂದು ಕಾಯಿಲೆಯಾ ಅನ್ನಿಸಿತ್ತು. ಅವರು ನನ್ನ ಮುಖ ನೋಡಿ ಮೊದಲು ನಾಡಿ ಹಿಡಿದರು. ಸುಮ್ಮನೆ ಕೂತಿದ್ದಾಗಲೇ ನೂರರ ಮೇಲಿತ್ತು. ದೊಡ್ಡವರಿಗೆ ವಿಶ್ರಾಂತಿಯಲ್ಲಿ 60ರಿಂದ 100 ಇರಬೇಕು. ಆಮೇಲೆ ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಿತು. ಒಂದು ಲೋಟ ನೀರು ಕೊಟ್ಟು ಗುಟುಕರಿಸುವಾಗ ಕುತ್ತಿಗೆ ನೋಡಿದರು. ಕಣ್ಣು ನೋಡಿದರು. 'ಏನಮ್ಮಾ, ಸಿಟ್ಟು ಬರ್ತಾ ಇದೆಯಾ ಈಚೆಗೆ?' ಅಂತ ಅವರೇ ಕೇಳಿದರು. ನನಗೆ ಅಳು ಬಂದುಬಿಟ್ಟಿತು.

ಅವರು ಬರೆದುಕೊಟ್ಟ ಪರೀಕ್ಷೆಗಳು: ಪೂರ್ತಿ ರಕ್ತದ ಎಣಿಕೆ, ಸಕ್ಕರೆ, ಬಿ-12, ಥೈರಾಯ್ಡ್‌ನ ಮೂರು ಹಾರ್ಮೋನ್, ಜೊತೆಗೆ ಇಸಿಜಿ. ನಮ್ಮ ಏರಿಯಾದ ಲ್ಯಾಬಿನಲ್ಲಿ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು ಆಯಿತು. ಸರ್ಕಾರಿ ಆಸ್ಪತ್ರೆಗೆ ಹೋದರೆ ಇನ್ನೂ ಕಡಿಮೆಯಲ್ಲಿ ಆಗುತ್ತದೆ, ಆದರೆ ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸಿಟ್ಟಿಗೂ ಇವಕ್ಕೂ ಏನು ಸಂಬಂಧ ಅಂತ ಕೇಳಿದೆ. ರಕ್ತದಲ್ಲಿ ಸಕ್ಕರೆ ತುಂಬಾ ಇಳಿದರೆ ನಡುಕ, ಬೆವರು, ಸಿಡುಕು ಒಟ್ಟಿಗೆ ಬರುತ್ತವೆ. ಬಿ-12 ತುಂಬಾ ಕಡಿಮೆಯಾದರೂ ಮನಸ್ಸಿನ ಮೇಲೆ ಪರಿಣಾಮ ಇದೆ. ನಿದ್ದೆಗೆಟ್ಟರೆ ಸಿಟ್ಟು ಹತ್ತಿರವೇ ಇರುತ್ತದೆ. ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರಿಗೂ ಹಗಲೆಲ್ಲ ಸಿಡುಕು ಇರಬಹುದು. ತುಂಬಾ ದಿನದ ನೋವು, ಕುಡಿತ, ಕೆಲವು ಔಷಧಿಗಳು, ಖಿನ್ನತೆ ಇವೂ ಕಾರಣವಾಗುತ್ತವೆ. ಖಿನ್ನತೆ ಅಂದರೆ ಅಳುತ್ತಾ ಕೂರುವುದು ಅಂತ ನಾವು ತಿಳಿದಿರುತ್ತೇವೆ. ಅದು ಬರೀ ಸಿಡಿಮಿಡಿಯಾಗಿಯೂ ಕಾಣಿಸಿಕೊಳ್ಳಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ರಿಪೋರ್ಟ್ ಬಂತು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗ್ರಂಥಿ ತಾನೇ ತಯಾರಿಸುವ ಟಿ3, ಟಿ4 ಜಾಸ್ತಿ. ಅಂದರೆ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನ್ ಸುರಿಸುತ್ತಿತ್ತು. ನಮ್ಮಲ್ಲಿ ಥೈರಾಯ್ಡ್ ಅಂದರೆ ದಪ್ಪ ಆಗುವುದು, ಸುಸ್ತು ಅಂತಲೇ ಎಲ್ಲರಿಗೂ ಗೊತ್ತು. ಇದು ಅದರ ಉಲ್ಟಾ ಕಾಯಿಲೆ, ಹೈಪರ್ ಥೈರಾಯ್ಡ್.

ಇಲ್ಲಿ ಡಾಕ್ಟರು ಸಿಟ್ಟು ಮತ್ತು ದೇಹದ ಸಂಬಂಧವನ್ನು ವಿವರಿಸಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಸಿಟ್ಟು ಬಂದ ಕ್ಷಣ ಮೆದುಳಿನ ಅಮಿಗ್ಡಲಾ ಅನ್ನುವ ಪುಟ್ಟ ಭಾಗ 'ಅಪಾಯ' ಅಂತ ಸೂಚನೆ ಕೊಡುತ್ತದೆ. ಅದು ಮೆದುಳಿನದೇ ಇನ್ನೊಂದು ಭಾಗವಾದ ಹೈಪೋಥಲಾಮಸ್ ಮೂಲಕ ಮೈಗೆಲ್ಲ ಮುಟ್ಟುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ, ಉಸಿರು ಮೇಲಿಂದ ಮೇಲೆ ಬರುತ್ತದೆ. ಪಿತ್ತಕೋಶದ ಪಕ್ಕದಲ್ಲೇ ಇರುವ ಲಿವರ್, ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತ ಹೊಟ್ಟೆಯಿಂದ ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ. ಹೊಡೆದಾಡು ಇಲ್ಲವೇ ಓಡು ಅನ್ನುವುದಕ್ಕೆ ದೇಹ ಮಾಡಿಕೊಳ್ಳುವ ತಯಾರಿ ಇದು. ಅಮೆರಿಕದ ವಾಲ್ಟರ್ ಕ್ಯಾನನ್ ಅನ್ನುವ ವಿಜ್ಞಾನಿ 1915ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರಂತೆ. ಈಗ ನನ್ನ ವಿಷಯಕ್ಕೆ ಬಂದರೆ, ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇದ್ದಾಗ ಎದೆಬಡಿತ, ನಡುಕ, ಬೆವರು ಇವೆಲ್ಲ ಯಾವ ಕಾರಣವೂ ಇಲ್ಲದೆ ಇಡೀ ದಿನ ಇರುತ್ತವೆ. ಡಾಕ್ಟರು ಹೇಳಿದ್ದು: 'ಹಾಲು ಒಲೆ ಮೇಲೆ ಆಗಲೇ ಕಾದು ಕೂತಿದೆ ಅಮ್ಮಾ. ಉಕ್ಕೋಕೆ ಇನ್ನೊಂಚೂರು ಉರಿ ಸಾಕು. ಆ ಟಿಫನ್ ಡಬ್ಬಿ ಮುಚ್ಚಳ ಅನ್ನೋದು ಅಷ್ಟೇ.'

ಸಿಟ್ಟಿಗೆ ಹೆಸರು ಸಿಕ್ಕಿತು ಅಂತ ಸಮಾಧಾನವಾಯಿತು. ಆದರೆ ಕೂಡಲೇ ಒಂದು ಅಡ್ಡಿ ಬಂತು. 'ಕೂದಲು ಉದುರುತ್ತೆ ಅಂದೆಯಲ್ಲ, ಅದಕ್ಕೆ ಏನಾದರೂ ಮಾತ್ರೆ ತಗೊಳ್ತಿದ್ದೀಯಾ?' ಅಂತ ಡಾಕ್ಟರು ಕೇಳಿದರು. ತಗೊಳ್ಳುತ್ತಿದ್ದೆ. ಅದರಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇತ್ತು. ಬಯೋಟಿನ್ ಜಾಸ್ತಿ ಡೋಸಿನಲ್ಲಿ ಇದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ಪರೀಕ್ಷೆಯೇ ತಪ್ಪು ತೋರಿಸುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ಕಾಯಿಲೆ ಇಲ್ಲದವರಿಗೂ ಬರಬಹುದು. ಹಾಗಾಗಿ ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ಕೊಡಬೇಕಾಯಿತು. ಕಡಿಮೆ ಅಂದರೆ ಎರಡು ದಿನ ಬಿಡಬೇಕು, ಡೋಸ್ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ನನಗೆ ಡಾಕ್ಟರು ಒಂದು ವಾರ ಬಿಡಲು ಹೇಳಿದರು. ಲ್ಯಾಬಿನಲ್ಲಿ ರಕ್ತ ತೆಗೆಯುವವರು ಇದನ್ನು ಕೇಳುವುದಿಲ್ಲ. ಕೂದಲಿಗೆ, ಉಗುರಿಗೆ ಅಂತ ಅಂಗಡಿಯಲ್ಲಿ ಸಿಗುವ ಮಾತ್ರೆ, ಜೆಲ್ಲಿ ಏನೇ ತಗೊಳ್ಳುತ್ತಿದ್ದರೂ ನೀವೇ ಹೇಳಿ.

ಎರಡನೇ ರಿಪೋರ್ಟ್ ಕೂಡ ಅದನ್ನೇ ಹೇಳಿತು. ಈಗ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನ್ ಕಾಯಿಲೆಗಳ ಡಾಕ್ಟರನ್ನು ನೋಡಬೇಕು. ಈ ತಜ್ಞರ ಅಪಾಯಿಂಟ್ಮೆಂಟ್ ಸಿಗುವುದು ಕಷ್ಟ. ವಾರಗಟ್ಟಲೆ ಕಾಯಬೇಕಾಯಿತು. ಆ ದಿನಗಳೇ ಅತ್ಯಂತ ಕಷ್ಟದ ದಿನಗಳು. ಕಾರಣ ಗೊತ್ತಾದ ಮೇಲೂ ಸಿಟ್ಟು ಹಾಗೇ ಬರುತ್ತದೆ ನೋಡಿ. ಫ್ಯಾಮಿಲಿ ಡಾಕ್ಟರು ಅಷ್ಟರೊಳಗೆ ಎದೆಬಡಿತ ಮತ್ತು ನಡುಕಕ್ಕೆ ಪ್ರೊಪ್ರನೊಲಾಲ್ ಅನ್ನುವ ಮಾತ್ರೆ ಕೊಟ್ಟರು. ಕೊಡುವ ಮೊದಲು ಉಬ್ಬಸ ಇದೆಯಾ ಅಂತ ಎರಡು ಸಲ ಕೇಳಿದರು. ಉಬ್ಬಸ ಇರುವವರಿಗೆ ಅದು ಅಪಾಯ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ, ಇದರಲ್ಲಿ ಮಾತ್ರ ಖಂಡಿತ ಬೇಡ.

ಒಂದೆರಡು ದಿನದಲ್ಲೇ ನಡುಕ ಇಳಿಯಿತು. ನಾಡಿ ಇಳಿಯಿತು. ಆಶ್ಚರ್ಯ ಅಂದರೆ ಸಿಟ್ಟಿನ ಹರಿತವೂ ಸ್ವಲ್ಪ ಇಳಿಯಿತು. ಎದೆ ಡವಡವ ಅನ್ನದೆ ಇದ್ದಾಗ ಅದೇ ಟಿವಿ ಸದ್ದು ಅಷ್ಟು ಚುಚ್ಚಲಿಲ್ಲ. ಮೈಯಲ್ಲಿ ಆಗುವುದನ್ನು ಮನಸ್ಸು ಓದಿಕೊಂಡು 'ನನಗೆ ಸಿಟ್ಟು ಬಂದಿದೆ' ಅಂತ ತೀರ್ಮಾನಕ್ಕೆ ಬರುತ್ತದಾ ಅಂತ ಅವತ್ತು ಮೊದಲ ಸಲ ಯೋಚಿಸಿದೆ.

ಎಂಡೋಕ್ರಿನಾಲಜಿಸ್ಟ್ ಹತ್ತಿರ ಸಾವಿರ ರೂಪಾಯಿಯ ಮೇಲೆ ಫೀಸು. ಕಾದದ್ದು ಅರ್ಧ ದಿನ, ಮಾತಾಡಿದ್ದು ಹದಿನೈದು ನಿಮಿಷ. ಆದರೆ ಆ ಹದಿನೈದು ನಿಮಿಷ ಪೂರ್ತಿ ಗಮನ ಕೊಟ್ಟರು. ಆಂಟಿಬಾಡಿ ಪರೀಕ್ಷೆ ಒಂದು ಬೇಕು ಅಂದರು, ಅದಕ್ಕೇ ಕೆಲವು ಸಾವಿರ. ಫಲಿತಾಂಶ ಗ್ರೇವ್ಸ್ ಕಾಯಿಲೆ ಅಂತ ಬಂತು. ರೋಗದಿಂದ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಕೆಣಕುತ್ತಾ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಜಾಸ್ತಿ. ಕಾರ್ಬಿಮಜೋಲ್ ಮಾತ್ರೆ ಬರೆದರು. ಹಾರ್ಮೋನ್ ಹತೋಟಿಗೆ ಬರಲು ನಾಲ್ಕರಿಂದ ಎಂಟು ವಾರ ಬೇಕು, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ತಿಂಗಳು ತಗೊಳ್ಳಬೇಕು. ಮಾತ್ರೆಯ ಬೆಲೆ ದೊಡ್ಡದಲ್ಲ, ಪದೇ ಪದೇ ಮಾಡಿಸುವ ರಕ್ತ ಪರೀಕ್ಷೆಯದ್ದೇ ಖರ್ಚು.

ಒಂದು ಎಚ್ಚರಿಕೆಯನ್ನು ಡಾಕ್ಟರು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು. ಈ ಮಾತ್ರೆ ತಗೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತದ ಎಣಿಕೆ ಮಾಡಿಸಬೇಕು. ಅಪರೂಪಕ್ಕೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು. ನಾನು ಆ ಚೀಟಿಯ ಫೋಟೋ ತೆಗೆದು ಇವರ ಫೋನಿಗೂ ಕಳಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ರಿಪೋರ್ಟು ಸರಿಯಾದವು. ತೂಕ ಮತ್ತೆ ಏರಿತು. ನಿದ್ದೆ ಬಂತು. ಮನೆಯವರೆಲ್ಲ ಕಥೆ ಮುಗಿಯಿತು ಅಂದುಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ಸಿಟ್ಟು ಮುಕ್ಕಾಲು ಹೋಗಿತ್ತು, ಇನ್ನೂ ಕಾಲು ಭಾಗ ಉಳಿದಿತ್ತು. ಅದರಲ್ಲೂ ಸಂಜೆ ಮನೆಗೆ ಬಂದ ಮೊದಲ ಒಂದು ಗಂಟೆ. ಎಲ್ಲ ಸಿಟ್ಟಿಗೂ ಥೈರಾಯ್ಡೇ ಕಾರಣ ಅಂತ ಹೇಳಿ ಕೂರುವುದು ಸುಲಭವಾಗಿತ್ತು. ಎಂಡೋಕ್ರಿನಾಲಜಿಸ್ಟ್ ಕೂಡ, 'ರಕ್ತ ಸರಿಯಾಗಿದೆ. ಉಳಿದದ್ದನ್ನು ಮಾತಾಡಿ ನೋಡಿ' ಅಂದರು.

ಈ ಹಂತದಲ್ಲಿ ಜನ ಜಾಸ್ತಿ ಗೊಂದಲಕ್ಕೆ ಬೀಳುತ್ತಾರೆ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದ ಡಾಕ್ಟರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಾನು ಮೊದಲು ಹೋದ ಒಂದು ಕೇಂದ್ರದಲ್ಲಿ ಈ ನಂಬರ್ ಕೇಳಿದಾಗ ಮಾತು ತೇಲಿಸಿದರು. ಮೊದಲ ದಿನವೇ ಹತ್ತು ಸೆಶನ್ನಿನ ಪ್ಯಾಕೇಜ್ ತಗೊಳ್ಳಿ, ಪೂರ್ತಿ ದುಡ್ಡು ಮುಂಗಡ ಕಟ್ಟಿ ಅಂದರು. ನಾನು ಎದ್ದು ಬಂದೆ. ಸಿಟ್ಟು ಬಂತು, ಬರಬೇಕಾದ ಸಿಟ್ಟೇ ಅದು. ಕೊನೆಗೆ ಜಯನಗರದಲ್ಲಿ ಒಬ್ಬ ಮೇಡಂ ಸಿಕ್ಕರು. ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ಸೆಶನ್ನಿಗೆ ಸಾವಿರದ ಐನೂರು. ನಗರದಲ್ಲಿ ಇದಕ್ಕಿಂತ ಕಡಿಮೆಯೂ ಇದೆ, ಬಹಳ ಜಾಸ್ತಿಯೂ ಇದೆ. ದುಡ್ಡಿನ ತೊಂದರೆ ಇರುವವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗ ಇದೆ, ಬಿಪಿಎಲ್ ಕಾರ್ಡ್ ಇದ್ದವರು ಜೊತೆಗೆ ಒಯ್ಯಬೇಕು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರವೂ ಇದೆ. ದೊಡ್ಡ ಆಸ್ಪತ್ರೆಯ ಬಾಗಿಲು ಹತ್ತಲು ಹಿಂಜರಿಯುವವರಿಗೆ ಅದು ಅನುಕೂಲ.

ಮೇಡಂ ಮೊದಲ ದಿನ ಉಪದೇಶ ಮಾಡಲಿಲ್ಲ. ಒಂದು ನೋಟ್‌ಬುಕ್ ತನ್ನಿ ಅಂದರು. ಸಿಟ್ಟು ಬಂದಾಗಲೆಲ್ಲ ಬರೆಯಬೇಕು. ಎಷ್ಟು ಗಂಟೆ, ಎಲ್ಲಿ, ಯಾರು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಕೊನೆಯ ಊಟ ಯಾವಾಗ, ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು, ಆ ಕ್ಷಣ ಮನಸ್ಸಿನಲ್ಲಿ ಬಂದ ವಾಕ್ಯ ಯಾವುದು. ಜೊತೆಗೆ ಹತ್ತಕ್ಕೆ ಎಷ್ಟು ಅಂತ ಒಂದು ಅಂಕ.

'ಮೈಯಲ್ಲಿ ಮೊದಲು ಎಲ್ಲಿ' ಅನ್ನುವ ಕಾಲಂ ತುಂಬುವುದು ಬಹಳ ಕಷ್ಟವಾಯಿತು. ಶುರುವಿನಲ್ಲಿ ಎಲ್ಲ ಕಡೆ 'ಗೊತ್ತಿಲ್ಲ' ಅಂತಲೇ ಬರೆದೆ. ಸಿಟ್ಟು ಎಂಟಕ್ಕೋ ಒಂಬತ್ತಕ್ಕೋ ಹೋದ ಮೇಲೆ ಎದೆ, ಕೈ, ಧ್ವನಿ ಎಲ್ಲ ಗೊತ್ತಾಗುತ್ತಿದ್ದವು. ಎರಡು ಮೂರರಲ್ಲಿ ಇದ್ದಾಗ ಏನೂ ಕಾಣುತ್ತಿರಲಿಲ್ಲ. ಮೇಡಂ ಕೇಳಿದರು, 'ಕಾಲಿನ ಬೆರಳು ನೋಡಿದ್ದೀರಾ? ದವಡೆ? ಭುಜ?' ನಿಧಾನಕ್ಕೆ ಹಿಡಿದೆ. ನನ್ನಲ್ಲಿ ಮೊದಲು ನಾಲಿಗೆ ಮೇಲಿನ ಅಂಗುಳಿಗೆ ಒತ್ತಿಕೊಳ್ಳುತ್ತದೆ. ಆಮೇಲೆ ಹಿಂದಿನ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಆಮೇಲೆ ಕಿವಿ ಬಿಸಿಯಾಗುತ್ತದೆ. ಧ್ವನಿ ಏರುವುದು ಇವೆಲ್ಲ ಆದ ಮೇಲೆ. ನಮ್ಮ ಯಜಮಾನರಿಗೆ ಮೂಗಿನ ಹೊಳ್ಳೆ ಅರಳುತ್ತದೆ, ಮಾತು ಪೂರ್ತಿ ನಿಲ್ಲುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತರ. ನಿಮ್ಮದನ್ನು ನೀವೇ ಹುಡುಕಬೇಕು. ಮನೆಯವರನ್ನು ಕೇಳಿದರೆ ಬೇಗ ಸಿಗುತ್ತದೆ, ಅವರು ನಮ್ಮನ್ನು ನೋಡುತ್ತಲೇ ಇರುತ್ತಾರೆ. ನನ್ನ ಮಗಳು, 'ಅಮ್ಮಾ, ನೀನು ಬೈಯೋಕೆ ಮುಂಚೆ ಬಳೆ ಹಿಂದಕ್ಕೆ ಸರಿಸ್ತೀಯ' ಅಂದಳು. ನನಗೆ ಅದು ಗೊತ್ತೇ ಇರಲಿಲ್ಲ.

ಭಯಕ್ಕೂ ಸಿಟ್ಟಿಗೂ ಎದೆ ಒಂದೇ ತರ ಬಡಿಯುತ್ತದಲ್ಲ, ಹೇಗೆ ಗುರುತಿಸುವುದು ಅಂತ ಕೇಳಿದೆ. ಕೈ ಮುಟ್ಟಿ ನೋಡಿಕೊಳ್ಳಿ ಅಂದರು. 1983ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಎಕ್‌ಮನ್ ಮತ್ತು ಅವರ ಜೊತೆಗಾರರು ನಡೆಸಿದ ಪ್ರಯೋಗದಲ್ಲಿ, ಸಿಟ್ಟಿನಲ್ಲಿ ಬೆರಳಿನ ಬಿಸಿ ಏರಿದಷ್ಟು ಭಯದಲ್ಲಿ ಏರಲಿಲ್ಲವಂತೆ. ಎರಡರಲ್ಲೂ ಎದೆಬಡಿತ ಮಾತ್ರ ಜಾಸ್ತಿಯಾಗಿತ್ತು. ನನಗೆ ಇದು ಉಪಯೋಗಕ್ಕೆ ಬಂದದ್ದು ಬೇರೆ ರೀತಿಯಲ್ಲಿ. ಮಗಳು ಟ್ಯೂಶನ್ನಿನಿಂದ ತಡವಾಗಿ ಬಂದ ದಿನ ನಾನು ಕೂಗಾಡುತ್ತಿದ್ದಾಗ ನನ್ನ ಕೈ ತಣ್ಣಗಿತ್ತು. ನೋಟ್‌ಬುಕ್ಕಿನಲ್ಲಿ 'ಸಿಟ್ಟು 7' ಅಂತ ಬರೆದು, ಆಮೇಲೆ ಹೊಡೆದು ಹಾಕಿ 'ಹೆದರಿಕೆ' ಅಂತ ಬರೆದೆ. ಮರುದಿನ ಅವಳಿಗೂ ಅದನ್ನೇ ಹೇಳಿದೆ, 'ಪುಟ್ಟಿ, ನಂಗೆ ಭಯ ಆಗಿತ್ತು' ಅಂತ. ಆಮೇಲೆ ಅವಳು ತಡವಾದರೆ ಮೆಸೇಜ್ ಹಾಕಲು ಶುರು ಮಾಡಿದಳು.

ಪುಟಗಳು ತುಂಬಿದ ಮೇಲೆ ಮೇಡಂ ಜೊತೆ ಕೂತು ಓದಿದಾಗ ಬೇರೆಯದೇ ಚಿತ್ರ ಕಂಡಿತು. ಸಂಜೆಯ ಸಿಟ್ಟಿನ ದಿನಗಳಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಯ ಮೇಲೆ ಆಗಿತ್ತು, ಇಲ್ಲವೇ ಆಗಿರಲೇ ಇಲ್ಲ. ಮುಟ್ಟಿಗೆ ಮೊದಲಿನ ದಿನಗಳಲ್ಲಿ ಅಂಕ ಜಾಸ್ತಿ. ಇವು ಸುಲಭದವು. ಮನಸ್ಸಿನ ವಾಕ್ಯಗಳ ಕಾಲಂನಲ್ಲಿ ಮಾತ್ರ ಒಂದೇ ಮಾತು ಮತ್ತೆ ಮತ್ತೆ ಇತ್ತು: 'ನನ್ನ ಕೆಲಸ ಯಾರಿಗೂ ಕಾಣಿಸಲ್ಲ.' ಆಫೀಸಿನಲ್ಲಿ ನಾನು ರಾತ್ರಿ ಕೂತು ಮಾಡಿದ ಲೆಕ್ಕವನ್ನು ಇನ್ನೊಬ್ಬರು ತಮ್ಮದು ಅಂತ ಮೀಟಿಂಗಿನಲ್ಲಿ ತೋರಿಸುತ್ತಿದ್ದರು. ಅಲ್ಲಿ ನುಂಗಿದ್ದು ಮನೆಯಲ್ಲಿ ಟಿವಿಯ ಮೇಲೆ, ಮುಚ್ಚಳದ ಮೇಲೆ ಹೊರಬರುತ್ತಿತ್ತು.

ಈ ಸಿಟ್ಟು ನ್ಯಾಯವಾದದ್ದು ಅಂತ ಮೇಡಂ ಸ್ಪಷ್ಟವಾಗಿ ಹೇಳಿದರು. ಅದನ್ನು ಅಳಿಸಿ ಹಾಕುವುದು ಚಿಕಿತ್ಸೆ ಅಲ್ಲ. ಹೇಳಬೇಕಾದ ಕಡೆ, ಅಂಕ ಮೂರರಲ್ಲಿ ಇರುವಾಗಲೇ ಹೇಳುವುದನ್ನು ಕಲಿಯಬೇಕು. ಏನು ಮಾತಾಡುತ್ತೇನೆ ಅಂತ ಸೆಶನ್ನಿನಲ್ಲಿ ಮಾತಾಡಿ ಅಭ್ಯಾಸ ಮಾಡಿದೆ. ಮ್ಯಾನೇಜರ್ ಜೊತೆ ಕೂತು, ನನ್ನ ಶೀಟಿನ ಮೇಲೆ ನನ್ನ ಹೆಸರು ಇರಬೇಕು ಅಂತ ಹೇಳಿದೆ. ಧ್ವನಿ ನಡುಗಿತು, ಏರಲಿಲ್ಲ. ಪೂರ್ತಿ ಸರಿಹೋಗಿಲ್ಲ. ಆದರೆ ಶೀಟಿನ ಮೇಲೆ ಈಗ ಹೆಸರು ಇರುತ್ತದೆ.

ಸಹೋದ್ಯೋಗಿ ಒಬ್ಬಳು, 'ದಿಂಬಿಗೆ ಗುದ್ದು, ಜೋರಾಗಿ ಕಿರುಚು, ಒಳಗಿರೋದೆಲ್ಲ ಹೊರಗೆ ಹೋಗುತ್ತೆ' ಅಂದಿದ್ದಳು. ಬಹಳ ಜನ ಇದನ್ನು ನಂಬುತ್ತಾರೆ. ಮೇಡಂ ಬೇಡ ಅಂದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿ 2024ರಲ್ಲಿ ಪ್ರಕಟಿಸಿದ್ದಾರೆ. ಮೈಯ ಕಾವು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರು, ಧ್ಯಾನ, ಸ್ನಾಯು ಸಡಿಲಿಸುವುದು, ಯೋಗ ಇವು ಸಿಟ್ಟನ್ನು ಇಳಿಸುತ್ತವೆ. ಮೈಯ ಕಾವು ಏರಿಸುವ ಕೆಲಸಗಳಿಂದ ಸಿಟ್ಟು ಇಳಿಯುವುದಿಲ್ಲ. ಜಾಗಿಂಗ್ ಅಂತೂ ಸಿಟ್ಟನ್ನು ಜಾಸ್ತಿ ಮಾಡಿದ್ದು ಕಂಡಿದೆ. ವ್ಯಾಯಾಮ ಆರೋಗ್ಯಕ್ಕೆ ಬೇಕೇ ಬೇಕು, ಸಿಟ್ಟು ಉರಿಯುತ್ತಿರುವ ಕ್ಷಣದಲ್ಲಿ ಅಲ್ಲ ಅಷ್ಟೇ.

ನನಗೆ ಕೆಲಸ ಮಾಡಿದ್ದು ಉಸಿರು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವದಿಂದ ಹೃದಯ ನಿಧಾನವಾಗುತ್ತದೆ. ಹಾಗಾಗಿ ಬಿಡುವ ಉಸಿರು ಉದ್ದ ಇರಬೇಕು. ಮೆಟ್ರೋದಲ್ಲಿ ವಿಜಯನಗರಕ್ಕೆ ಬರುವಾಗ ದಿನಾ ಮಾಡುತ್ತೇನೆ. ಸಿಟ್ಟು ಇಲ್ಲದಾಗ ಅಭ್ಯಾಸ ಮಾಡಿದ್ದರೆ ಮಾತ್ರ ಸಿಟ್ಟು ಬಂದಾಗ ನೆನಪಿಗೆ ಬರುತ್ತದೆ. ಇನ್ನೊಂದು, ಜಾಗ ಬಿಡುವುದು. ನಾಲಿಗೆ ಅಂಗುಳಿಗೆ ಒತ್ತಿದ್ದು ಗೊತ್ತಾದ ಕೂಡಲೇ 'ಅರ್ಧ ಗಂಟೆ ಬಿಟ್ಟು ಮಾತಾಡ್ತೀನಿ' ಅಂತ ಹೇಳಿ ಟೆರೇಸಿಗೆ ಹೋಗುತ್ತೇನೆ. ಯಾವಾಗ ವಾಪಸ್ ಬರುತ್ತೇನೆ ಅಂತ ಹೇಳುವುದು ಮುಖ್ಯ. ಹೇಳದೆ ಎದ್ದು ಹೋದರೆ ಎದುರಿನವರ ಸಿಟ್ಟು ಜಾಸ್ತಿಯಾಗುತ್ತದೆ. ಏರಿದ ಮೈಯ ಕಾವು ಇಳಿಯಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಅದೇ ಜಗಳವನ್ನು ತಲೆಯಲ್ಲಿ ಮತ್ತೆ ಓಡಿಸಿದರೆ ಇಳಿದದ್ದು ಮತ್ತೆ ಏರುತ್ತದೆ. ನಾನು ಒಣಗಿದ ಬಟ್ಟೆ ಮಡಿಸುತ್ತೇನೆ.

ಇವರನ್ನು ಒಂದು ಸೆಶನ್ನಿಗೆ ಕರೆದುಕೊಂಡು ಹೋಗಿದ್ದು ಬಹಳ ಒಳ್ಳೆಯದಾಯಿತು. 'ಮಾತ್ರೆ ನುಂಗಿದೆಯಾ?' ಅಂತ ನಾನು ಸಿಟ್ಟಾದಾಗಲೆಲ್ಲ ಇವರು ಕೇಳುತ್ತಿದ್ದರು. ಆ ಪ್ರಶ್ನೆ ನನಗೆ ಎಷ್ಟು ಅವಮಾನ ಅನ್ನಿಸುತ್ತದೆ ಅಂತ ಮೇಡಂ ಎದುರಲ್ಲೇ ಹೇಳಲು ಸಾಧ್ಯವಾಯಿತು. ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ದಯವಿಟ್ಟು ಆ ಪ್ರಶ್ನೆ ಕೇಳಬೇಡಿ. ಅವರು ಹೇಳುತ್ತಿರುವ ವಿಷಯದಲ್ಲಿ ಸತ್ಯ ಇರಬಹುದು.

ನನ್ನ ಅಪ್ಪನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದ್ದಾರೆ. ಅವರದೂ ಮೂಗಿನ ತುದಿಯ ಸಿಟ್ಟು. ಸಿಟ್ಟು ಸ್ಫೋಟವಾದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಬೇರೆ ಹೊತ್ತಿಗಿಂತ ಸುಮಾರು ಐದು ಪಟ್ಟು ಹೆಚ್ಚಿರುತ್ತದೆ ಅಂತ ಹಾರ್ವರ್ಡ್‌ನ ಸಂಶೋಧಕರು 2014ರಲ್ಲಿ ಹೇಳಿದ್ದಾರೆ. ಆರೋಗ್ಯವಂತರಿಗೆ ಒಂದು ಸಲದ ಸಿಟ್ಟಿನಿಂದ ಬರುವ ಅಪಾಯ ಸಣ್ಣದೇ. ಈಗಾಗಲೇ ಹೃದ್ರೋಗ ಇದ್ದು ದಿನಾ ಸಿಟ್ಟು ಬರುವವರಿಗೆ ಅದು ಸಣ್ಣದಲ್ಲ. ಅಪ್ಪನ ಜೊತೆ ಕೂತು ಇದನ್ನು ಮಾತಾಡಿದೆ, ಅವರೂ ಈಗ ತಮ್ಮ ಕಿವಿ ಬಿಸಿಯಾಗುವುದನ್ನು ಗಮನಿಸುತ್ತಾರೆ. ಸಿಟ್ಟಿನ ಮಧ್ಯೆ ಎದೆ ಹಿಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ಸಮಾಧಾನ ಆಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು. ಮನೆಯಲ್ಲಿ ಇನ್ನೊಬ್ಬರ ಸಿಟ್ಟಿನಿಂದ ಏಟು ತಿನ್ನುತ್ತಿರುವವರಿಗೆ ಈ ನೋಟ್‌ಬುಕ್ಕು, ಉಸಿರು ಯಾವುದೂ ಉತ್ತರ ಅಲ್ಲ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತಿಗೆ 112.

ಇನ್ನು ಕಾಗದಪತ್ರ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು. ಆದರೆ ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿಲ್ಲದಿದ್ದರೆ ಯಾವ ಕಾಯಿಲೆಯ ಕನ್ಸಲ್ಟೇಶನ್ ದುಡ್ಡೂ ಬರುವುದಿಲ್ಲ. ನನ್ನ ಆಫೀಸಿನ ಪಾಲಿಸಿಯಲ್ಲಿ ಸ್ವಲ್ಪ ಮಿತಿಯವರೆಗೆ ಇತ್ತು. ಅರ್ಜಿ ಹಾಕಿದರೆ ಮೊದಲ ಸಲ ತಿರಸ್ಕಾರ. ಕಾರಣ ಹೆಸರು. ಲ್ಯಾಬ್ ಬಿಲ್ಲಿನಲ್ಲಿ ನನ್ನ ಹೆಸರಿನ ಮುಂದೆ ಇನಿಶಿಯಲ್, ಪಾಲಿಸಿಯಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದದ್ದು, ಆಧಾರ್‌ನಲ್ಲಿ ಗಂಡನ ಹೆಸರು. ನಮ್ಮ ಕಡೆಯ ಹೆಂಗಸರಲ್ಲಿ ಅರ್ಧ ಜನರದ್ದು ಇದೇ ಕಥೆ. ಮೊದಲ ರಕ್ತ ಪರೀಕ್ಷೆಯ ದಿನದಿಂದಲೇ ಪಾಲಿಸಿಯಲ್ಲಿ ಇರುವ ಹೆಸರನ್ನೇ ಎಲ್ಲ ಕಡೆ ಬರೆಸಿ. ಸೈಕಾಲಜಿಸ್ಟ್ ರಸೀದಿಯಲ್ಲಿ ಅವರ ನೋಂದಣಿ ಸಂಖ್ಯೆ, ಡಾಕ್ಟರ ಶಿಫಾರಸು ಚೀಟಿ ಎರಡೂ ಇರಲಿ. ನಾನು ಅಫಿಡವಿಟ್ ಮಾಡಿಸಿ ಮತ್ತೆ ಹಾಕಿದೆ. ಥೈರಾಯ್ಡ್ ಪರೀಕ್ಷೆಗಳ ದುಡ್ಡು ಬಂದಿದೆ. ಸೆಶನ್ನುಗಳದ್ದು ಇನ್ನೂ ಪರಿಶೀಲನೆಯಲ್ಲಿದೆ ಅಂತ ತೋರಿಸುತ್ತಿದೆ. ಮುಂದಿನ ಟಿಎಸ್‌ಎಚ್ ಪರೀಕ್ಷೆ ಬರುವ ತಿಂಗಳು. ಅಷ್ಟರವರೆಗೆ ಸಂಜೆ ನಾಲ್ಕಕ್ಕೆ ಬ್ಯಾಗಿನಲ್ಲಿ ಕಡಲೆಬೀಜ, ಬಾಳೆಹಣ್ಣು ತಪ್ಪಿಸುತ್ತಿಲ್ಲ.